ಬರ್ಗಂಡಿಯ ಡ್ಯೂಕನೂ ನಮ್ಮ ಕಾಕಾನ ಬಳ್ಳಿಯೂ

ಶಾಂತಾ, ನಿನ್ನ ಅಪ್ಪನ ವಂಶವನ್ನು ಮುಗಿಸಿದವನು ನಾನು. ಕತ್ತಿಯಿಂದಲ್ಲ — ಖಾನಾಪುರದ ನಿಮ್ಮ ಪಡಸಾಲೆಯಲ್ಲಿ, ಚಹಾ ಕುಡಿಯುತ್ತ, ಒಂದೇ ಮಾತಿನಿಂದ.

ಆಗ ನಾನು ಬೆಳಗಾವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಬರ್ಗಂಡಿಯ ಡ್ಯೂಕರ ಪಾಠವೆಂದರೆ ನನಗೆ ಮೈಮೇಲೆ ದೇವರು ಬಂದಂತೆ. ಫ್ರಾನ್ಸಿನ ಅರಸನ ಕಿರಿಯ ಮಗನಿಂದ ಚಿಗುರಿದ ಕವಲು, ನಾಲ್ಕೇ ತಲೆಮಾರಿನಲ್ಲಿ ಅರಸರೇ ಅಂಜುವಷ್ಟು ಬೆಳೆದದ್ದು! ಕೊನೆಯ ಡ್ಯೂಕ ಯುದ್ಧದಲ್ಲಿ ಬಿದ್ದ. ಹಿಮದಲ್ಲಿ ಸಿಕ್ಕ ಹೆಣದ ಮುಖವನ್ನು ತೋಳಗಳು ತಿಂದಿದ್ದವು. ಹಳೆಯ ಗಾಯಗಳನ್ನು ನೋಡಿ ವೈದ್ಯ ಗುರುತಿಸಿದ. ಗಂಡುಮಗನಿರಲಿಲ್ಲ. "ಕವಲು ಅಲ್ಲಿಗೆ ಮುಗಿಯಿತು" ಎಂದು ಪುಸ್ತಕ ಮುಚ್ಚುತ್ತಿದ್ದೆ — ತರಗತಿ ಉಸಿರು ಹಿಡಿದು ಕೂತಿರುತ್ತಿತ್ತು, ಕೆಲವರು ನಿದ್ದೆಯಲ್ಲಿ. ಅವನ ಒಬ್ಬಳೇ ಮಗಳು ಆ ಸಿರಿವಂತ ನಾಡುಗಳನ್ನು ಇನ್ನೊಂದು ಮನೆತನಕ್ಕೆ ಒಯ್ದು ಯುರೋಪಿನ ದಿಕ್ಕನ್ನೇ ತಿರುಗಿಸಿದಳು — ಅದನ್ನು ಗಂಟೆ ಹೊಡೆದ ಮೇಲೆ ಹೇಳುತ್ತಿದ್ದೆ, ಹೇಳಿದರೆ.

ನೀನೂ ಕಾಕಾನ ಒಬ್ಬಳೇ ಮಗಳು. ಅವನು ತೀರಿಕೊಂಡ ಮೇಲೆ ಮನೆ, ಗದ್ದೆ ನಿನ್ನ ಕೈಯಲ್ಲೇ. ಆ ವರ್ಷ ಎತ್ತಿನ ಮೇಲೆ ಹೆಳವ ಬಂದ, ಮನೆಮನೆಯ ವಂಶಾವಳಿ ಹಾಡಿ ಹೇಳುವವನು. ನೀನು ಮೊದಲೇ ಕೇಳಿಕೊಂಡಿದ್ದೆ: "ಅಣ್ಣಾ, ಅಪ್ಪನ ಹೆಸರಿನ ಮುಂದ ನಂದೂ ಹೇಳಸಪಾ. ಅಪ್ಪ ಹಂಗ ನಿಂತಬಿಡಬಾರದು." ನಾನು ಹೂಂ ಎಂದಿದ್ದೆ.

ಹೆಳವ ಮೂಲಪುರುಷನಿಂದ ಹಿಡಿದು ಇಳಿಯುತ್ತ ಬಂದ. "ಮಾಸ್ತರ್ರೀ, ಸಣ್ಣ ಕಾಕಾರ ಬಳ್ಳಿ ಮುಂದ?"

"ಮುಂದೇನಿಲ್ಲಪಾ. ಅಲ್ಲಿಗೇ ಮುಗೀತು."

ಯಾಕೆ ಹೇಳಿದೆ — ಮನೆತನಕ್ಕೆ ಉಳಿದ ಗಂಡು ನಾನೊಬ್ಬನೇ ಎಂಬ ಗತ್ತು... ಡ್ಯೂಕನಾಗುವ ಹಂಬಲ, ಇನ್ನೇನು.

ನೀನು ಮೊರದ ತುಂಬ ಅಕ್ಕಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. "ಬಳ್ಳಿ ಮುಗದ್ರೂ ಅಪ್ಪನ ಗದ್ದಿ ಅಕ್ಕಿ ಮುಗದಿಲ್ಲ. ಜೋಳಿಗಿ ಹಿಡೀರಿ" ಎಂದು ನಗುತ್ತ ಸುರಿದೆ. ನನ್ನತ್ತ ನೋಡಲಿಲ್ಲ.

ಇವತ್ತು ಆ ಹೆಳವನ ಮಗ ಬೆಳಗಾವಿಯ ನಮ್ಮ ಮನೆಗೆ ಬಂದ — ಎತ್ತಿಲ್ಲ, ಮೋಟರ್ ಸೈಕಲ್. ಹಾಡತೊಡಗಿದ. ಒಂದೊಂದು ಹೆಸರಿಗೂ ಸತ್ತವರು ಎದ್ದು ಬಂದು ಸಾಲಾಗಿ ಕೂತಂತಾಯಿತು. ಕಾಕಾನ ಹೆಸರು ಬಂತು. ಹಿಂದೆಯೇ, ಅದೇ ಧಾಟಿಯಲ್ಲಿ, "ಅಲ್ಲಿಗೇ ಮುಗೀತು."

ನನ್ನ ಸುಳ್ಳಿಗೆ ರಾಗ ಕೂತಿತ್ತು, ಶಾಂತಾ. ನಾನು ಸತ್ತ ಮೇಲೂ ಅದನ್ನು ಹಾಡುತ್ತಾರೆ.

ಅವನನ್ನು ಇಲ್ಲೇ ಉಳಿಸಿಕೊಂಡಿದ್ದೇನೆ. ನಾಳೆ ಇಬ್ಬರೂ ಖಾನಾಪುರಕ್ಕೆ ಬರುತ್ತೇವೆ. ನಿನ್ನೆದುರಿಗೇ ನಿನ್ನ ಹೆಸರು, ನಿನ್ನ ಮಗಳ ಹೆಸರು ಹೇಳಿಸುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ — ಅದು ನಿನ್ನ ಮರ್ಜಿ. ಈ ಸಲ ಮೊರ ನಾನು ಹಿಡಿದು ನಿಲ್ಲುತ್ತೇನೆ. ಅಕ್ಕಿ ಮಾತ್ರ ನಿಮ್ಮ ಗದ್ದೆಯದೇ ಆಗಬೇಕು.