ಹಿಡಿದುಕೊಂಡ ಪದ

ಶಹಾಬಾದಿನ ಅಂಬಾರಾಯ ಇಪ್ಪತ್ತೆರಡು ವರ್ಷ ಫರಸಿ ಕಲ್ಲಿನ ಗಣಿಯಲ್ಲಿ ದುಡಿದವನು. ಊರ ಭಜನೆ ಮೇಳದ ಮುಂದಾಳು. ಗಣಿಯ ಬದುಕಿನ ಮೇಲೆ ಅವನೇ ಕಟ್ಟಿದ ನಾಲ್ಕು ಚರಣದ ಪದವೊಂದನ್ನು ಚಿಂಚೋಳಿಯವರೆಗೂ ಜನ ಹಾಡುತ್ತಿದ್ದರು. ೧೯೮೨ರಲ್ಲಿ ಗುಲಬರ್ಗಾದ ವೈದ್ಯರೊಬ್ಬರು ಅವನ ಎದೆಯ ಎಕ್ಸರೇ ನೋಡಿ, ಕಲ್ಲಿನ ಪುಡಿ ಒಳಗೆ ಕೂತಿದೆ, ಮುಂದಿನ ವರ್ಷಕ್ಕೆ ಹಾಡುವಷ್ಟು ಉಸಿರು ಉಳಿಯುವುದಿಲ್ಲ ಎಂದರು. ಅಂಬಾರಾಯ ಎಕ್ಸರೇಯನ್ನು ಮಡಚಲು ನೋಡಿದ. ಅದು ಮಡಚಿಕೊಳ್ಳಲಿಲ್ಲ. ಹಾಗೇ ಹಿಡಿದುಕೊಂಡು ಬಸ್ಸು ಹತ್ತಿದ.

ಅದೇ ತಿಂಗಳು ವಾಡಿಯ ರೇಡಿಯೊ ರಿಪೇರಿ ಅಂಗಡಿಯ ಕಲ್ಯಾಣಪ್ಪ ಅವನ ಮನೆಗೆ ಬಂದ. ನಾಲ್ಕು ಊರಿನ ಮೇಳಗಳ ಮುಂದಾಳುಗಳನ್ನು ಒಟ್ಟಿಗೆ ಕೂರಿಸಿ ಕ್ಯಾಸೆಟ್ ಮಾಡಬೇಕೆಂಬ ಹುಚ್ಚು ಅವನನ್ನು ಹಿಡಿದಿತ್ತು. ಸೇಡಂನ ಕಾಶಪ್ಪ ಹಾರ್ಮೋನಿಯಂ ಪೇಟಿಗೆ, ಚಿತ್ತಾಪುರದ ನಾಮದೇವ ತಬಲಾಕ್ಕೆ, ಹಾಡಲು ಚಿಂಚೋಳಿಯ ಶರಣಬಸಪ್ಪ ಮತ್ತು ಅಂಬಾರಾಯ.

“ನಿಮ್ಮ ಪದ ನೀವೇ ಹಾಡ್ರಿ. ನಾಕೂ ಚರಣ,” ಎಂದ ಕಲ್ಯಾಣಪ್ಪ.

ಅಂಬಾರಾಯ ಒಪ್ಪಿದ. ಉಸಿರು ಹೋಗುವ ಮೊದಲು ಆ ಪದ ಪೂರ್ತಿಯಾಗಿ ತನ್ನ ದನಿಯಲ್ಲಿ ಉಳಿಯಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ.

ರೆಕಾರ್ಡಿಂಗ್ ಮಷೀನಿನವನನ್ನು ಹೊರಊರಿನಿಂದ ಎರಡು ದಿನದ ಮಟ್ಟಿಗೆ ಕರೆಸಿದ್ದರು. ಅಂಗಡಿಯ ಹಿಂದಿನ ಕೋಣೆಯ ಗೋಡೆಗೆಲ್ಲ ಕೌದಿ ಹೊದಿಸಿದ್ದರು. ಆದರೂ ರೈಲಿನ ಸದ್ದು ಬರುತ್ತಿತ್ತು. ಎರಡು ಗೂಡ್ಸ್ ಗಾಡಿಗಳ ನಡುವಿನ ಬಿಡುವಿನಲ್ಲೇ ಹಾಡಬೇಕು. ಮೊದಲ ದಿನ ಏನೂ ಆಗಲಿಲ್ಲ. ನಾಲ್ವರೂ ಪಲ್ಲವಿ ಎತ್ತುವವರೇ. ಹಿಂದೆ ನಿಂತು ದನಿಗೂಡಿಸುವ ರೂಢಿ ಯಾರಿಗೂ ಇರಲಿಲ್ಲ.

“ನಾಕೂ ಮಂದಿ ಮದಿಮಗ ಆಗಿ ಕುಂತ್ರ ಅಕ್ಕಿಕಾಳ ಹಾಕೋರು ಯಾರ್ರಿ?” ಎಂದ ನಾಮದೇವ.

“ನೀ ಹಾಕಪ,” ಎಂದ ಕಾಶಪ್ಪ.

“ನಾ ಮದಿಮಗನ ಕುದುರಿ ಬಡ್ಯಾಕತ್ತೀನಿ. ಕೈ ಖಾಲಿ ಇಲ್ಲ.”

ಆ ಸೀಮೆಯ ಭಜನೆಯಲ್ಲಿ ಒಂದು ಕಟ್ಟಳೆಯಿದೆ. ಎರಡು ಮೇಳಗಳು ಎದುರುಬದುರು ಕೂತಾಗ ಹಾಡುವವನ ಉಸಿರು ನಡುವೆ ಮುರಿದರೆ, ಎದುರಿನವನು ಆ ಪದವನ್ನು ಹಿಡಿದುಕೊಂಡು ಮುಗಿಸಬಹುದು. ಹಿಡಿದ ಪದವನ್ನು ಮರಳಿ ಕೇಳುವಂತಿಲ್ಲ. ಕೇಳಿದವನ ಮೇಳಕ್ಕೆ ಕೀಳು.

ಎರಡನೆಯ ದಿನ ಮಧ್ಯಾಹ್ನ ಅಂಬಾರಾಯ ಎರಡು ಚರಣ ಚೆನ್ನಾಗಿ ಹಾಡಿದ. ಮೂರನೆಯದನ್ನು ಎತ್ತುವಾಗ ಕೆಮ್ಮು ಬಂತು. ತಲೆ ತಗ್ಗಿಸಿದ. ಎದುರು ಕೂತಿದ್ದ ಶರಣಬಸಪ್ಪ ಮೂವತ್ತು ವರ್ಷದ ರೂಢಿಯಲ್ಲಿ ಪದ ಹಿಡಿದ. ಮತ್ಸರದಿಂದಲ್ಲ, ಅವನ ಕಣ್ಣುಗಳು ಮುಚ್ಚಿದ್ದವು. ಪೇಟಿ ನಿಲ್ಲಲಿಲ್ಲ, ಟೇಪೂ ನಿಲ್ಲಲಿಲ್ಲ. ಅಂಬಾರಾಯ ಬಾಯಿ ಒರೆಸಿಕೊಂಡು ಹಿಂದಿನಿಂದ ದನಿಗೂಡಿಸಿದ. ಎರಡು ದಿನದಲ್ಲಿ ಸರಿಯಾಗಿ ಕೂಡಿಬಂದ ಹಿಮ್ಮೇಳ ಅದೊಂದೇ.

“ಇದೇ ಬೇಕಾಗಿತ್ತು ನೋಡ್ರಿ,” ಎಂದ ಕಲ್ಯಾಣಪ್ಪ.

ಶರಣಬಸಪ್ಪ ಕಣ್ಣು ತೆರೆದ. “ಅಣ್ಣಾ, ನಂದು ತಪ್ಪಾತು. ಇನ್ನೊಮ್ಮಿ ನೀವೇ ಹಾಡ್ರಿ.”

“ಹಿಡದೀರಿ. ಆತು,” ಎಂದ ಅಂಬಾರಾಯ.

ಮಷೀನಿನವನ ರೈಲಿಗೆ ಇನ್ನೂ ಒಂದು ತಾಸಿತ್ತು. ನಾಲ್ವರೂ ಚಹಾ ಕುಡಿದರು.

ಮೂರು ತಿಂಗಳ ಮೇಲೆ ಸಂತೆಯ ದಿನ ಶಹಾಬಾದಿನ ಹೋಟೆಲಿನಲ್ಲಿ ಆ ಕ್ಯಾಸೆಟ್ ಹಾಕಿದ್ದರು. ಅಂಬಾರಾಯನ ಹೆಂಡತಿ ಗುಂಡಮ್ಮ ಚೀಲ ಕೆಳಗಿಟ್ಟು ಬಾಗಿಲ ಹೊರಗೇ ನಿಂತು ಕೇಳಿದಳು. ಅವನು ಪಕ್ಕದಲ್ಲಿದ್ದ.

“ಮುಂದ ಯಾರ ಹಾಡಾಕತ್ತಾರ?”

“ಶರಣಬಸಪ್ಪ.”

“ಮತ್ತ ಹಾಡ್ಲಿಕ್ಕ ಟೈಮ್ ಇರ್ಲಿಲ್ಲೇನು?”

“ಇತ್ತು.”

“ಅಲ್ಲೇನು ಎದುರು ಮೇಳ ಇತ್ತಾ? ಕೇಳೋ ಮಂದಿ ಇದ್ರಾ? ಇದ್ದದ್ದು ಒಂದು ಮಷೀನು.”

ಅಂಬಾರಾಯ ಹೋಟೆಲಿನೊಳಗಿನ ಟೇಪಿನ ಕಡೆ ನೋಡಿದ. “ಮರಳಿ ಕೇಳಬಹುದಿತ್ತು,” ಎಂದ. ಅದು ಅವನಿಗೆ ಹೊಳೆದದ್ದು ಆಗಲೇ. ಅಷ್ಟರಲ್ಲಿ ಒಂದು ಚರಣ ಮುಗಿಸುವ ಉಸಿರೂ ಅವನಲ್ಲಿ ಉಳಿದಿರಲಿಲ್ಲ.

ಪದ ಮುಗಿಯಿತು. ಗುಂಡಮ್ಮ ಚೀಲ ಎತ್ತಿಕೊಂಡು ಹೋಟೆಲಿನವನಿಗೆ, “ಕ್ಯಾಸೆಟ್ ತಿರುವಿ ಆ ಕಡಿ ಹಾಕಪ್ಪ,” ಎಂದಳು.