ಒಪ್ಪಂದದಲ್ಲಿ ಇಲ್ಲದ ಶನಿವಾರ

ವಿಸ್ಕಾನ್ಸಿನ್‌ನ ಚೀಸ್ ಕಾರ್ಖಾನೆಯಲ್ಲಿ ದುಡಿಯುವ ಆರ್ಲಿನ್ ಶ್ಮಿಟ್ಕೆ ತನ್ನ ವಿಚ್ಛೇದನದ ಮಹಾಯುದ್ಧದಲ್ಲಿ ಗೆದ್ದದ್ದು ಒಂದೇ ಕೋಟೆ: ಮಗಳು ಬ್ರಿಟಾಳ ಅರ್ಧ ಪಾಲು. ಒಂದು ವಾರ ಅಪ್ಪನ ಮನೆ, ಇನ್ನೊಂದು ವಾರ ಅಮ್ಮನ ಮನೆ. ಮಗು ಎಲ್ಲಿ ಎಷ್ಟು ರಾತ್ರಿ ಮಲಗುತ್ತದೆ ಎಂಬುದನ್ನೂ ನೋಡಿ ರಾಜ್ಯದ ಕಾನೂನು ಜೀವನಾಂಶ ನಿಗದಿ ಮಾಡುತ್ತದೆ. ಹಾಗಾಗಿ "ಅವನಿಗೆ ಬೇಕಿರೋದು ಮಗಳಲ್ಲ, ಜೀವನಾಂಶದಲ್ಲಿ ರಿಯಾಯಿತಿ" ಎಂದು ಮಾಜಿ ಹೆಂಡತಿ ಡಾರ್ಲಾ ಊರೆಲ್ಲ ಡಂಗುರ ಹೊಡೆದಿದ್ದಳು. ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತ್ತು.

ಒಪ್ಪಂದ ಬರೆಸುವಾಗ ಆರ್ಲಿನ್ ಒಂದಂಗುಲವನ್ನೂ ಬಿಟ್ಟಿರಲಿಲ್ಲ. ಕ್ರಿಸ್‌ಮಸ್, ಈಸ್ಟರ್, ಕೊನೆಗೆ ನಾಯಿಯ ಹುಟ್ಟುಹಬ್ಬವನ್ನೂ ವರ್ಷ ಬಿಟ್ಟು ವರ್ಷ ಹಂಚಿಸಿದ್ದ. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಶನಿವಾರವನ್ನು ಮಾತ್ರ ಬರೆಸಲಿಲ್ಲ. ಮಗಳು ಅಂದು ಅಪ್ಪನ ಜೊತೆ ಹೋಗದೆ ಇನ್ನೇನು? ಉಸಿರಾಡಬೇಕು ಅಂತ ಯಾರಾದರೂ ಬರೆಸುತ್ತಾರೆಯೇ?

ಈ ವರ್ಷ ಬ್ರಿಟಾ ಹನ್ನೆರಡು ತುಂಬಿ, ಕೋವಿ ಬಳಸುವ ಪರೀಕ್ಷೆ ಪಾಸಾಗಿ, ಮೊದಲ ಬೇಟೆಗೆ ಸಜ್ಜಾದಳು. ಆ ಶನಿವಾರ ಬಿದ್ದದ್ದು ಅಮ್ಮನ ವಾರದಲ್ಲಿ!

ಆರ್ಲಿನ್ ಕೋರ್ಟಿಗೆ ದೌಡಾಯಿಸಿದ.

"ಬೇಟೆ ಮುಗಿದ ಮೇಲೆ ಬಾರಪ್ಪ, ಜಡ್ಜ್ ಕಾಡಿಗೆ ಹೊರಟ್ರು," ಎಂದಳು ಗುಮಾಸ್ತೆ ಲವೋನ್.

"ನನ್ನ ವಕೀಲನೂ ಹೊರಟ! ನೀವಾದ್ರೂ ಏನಾದ್ರೂ ಮಾಡಿ."

ಲವೋನ್ ಕಿತ್ತಳೆ ಬಣ್ಣದ ಬೇಟೆ ಟೋಪಿಯನ್ನು ತಲೆಗೇರಿಸಿ ಕಿಟಕಿ ಮುಚ್ಚಿದಳು.

ಇನ್ನು ಉಳಿದದ್ದು ಈ ಯುದ್ಧದಲ್ಲಿ ಯಾರೂ ಬಳಸದ ಅಸ್ತ್ರ ಒಂದೇ. ಶುಕ್ರವಾರ ಸಂಜೆ ಮಗಳನ್ನು ಒಪ್ಪಿಸುವ ಜಾಗ ಊರಿನ ಹೋಟೆಲು. ಅಲ್ಲಿ ಕರಿದ ಮೀನಿನ ತಟ್ಟೆಯ ಮುಂದೆ ಡಾರ್ಲಾ ಕೂತಿದ್ದಳು.

"ನಾಳೆ ಬ್ರಿಟಾನ ನನ್ನ ಬೇಟೆ ಅಟ್ಟಣೆಗೆ ಕಳಿಸ್ತೀಯಾ?"

"ಯಾವ ಕಲಮಿನ ಪ್ರಕಾರ?"

"ಕಲಮು ಇಲ್ಲ. ಸುಮ್ನೆ ಕೇಳ್ತಿದೀನಿ."

ಡಾರ್ಲಾಳ ಕೈಯ ನಿಂಬೆಹೋಳು ಅಲ್ಲೇ ನಿಂತಿತು. "ಅಯ್ಯೋ ದೇವರೇ, ನಿಂಗೆ ಕೇಳೋಕೂ ಬರುತ್ತಾ! ಬೆಳಿಗ್ಗೆ ಅವಳು ನನ್ನ ಅಟ್ಟಣೇಲಿ. ನಂಗೆ ನಮ್ಮಪ್ಪ ಕಲಿಸಿದ್ದೂ ಅಲ್ಲೇ. ಮಧ್ಯಾಹ್ನ ಬೇಲಿ ಹತ್ರ ಬಾ, ಕರ್ಕೊಂಡು ಹೋಗು."

ಡಾರ್ಲಾಳ ತವರಿನ ಕಾಡಿಗೂ ಆರ್ಲಿನ್‌ನ ಕಾಡಿಗೂ ನಡುವೆ ಇದ್ದದ್ದು ಅದೊಂದೇ ಬೇಲಿ. ಶನಿವಾರ ಮಧ್ಯಾಹ್ನ ಅದರ ಎರಡೂ ಕಡೆ ಕಿತ್ತಳೆ ಕವಚ ತೊಟ್ಟ ಸೇನೆಗಳು ಎದುರಾದವು.

"ತಡ ಮಾಡ್ದೆ ನೀನು," ಎಂದ ಆರ್ಲಿನ್.

"ನಿನ್ನ ಗಡಿಯಾರ ಮುಂದಿದೆ."

"ಸ್ಕಾರ್ಫ್ ಎಲ್ಲಿ ಅವಳಿಗೆ?"

"ಅದು ನಿನ್ನ ಮನೇಲಿದೆ!"

"ಶ್ಶ್!" ಎಂದಳು ಬ್ರಿಟಾ. ಮರಗಳ ನಡುವೆ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ನಿಂತು ಈ ವ್ಯಾಜ್ಯವನ್ನು ಆಲಿಸುತ್ತಿತ್ತು. ಕೋವಿ ಮೇಲೇಳುವ ಮೊದಲೇ ಅದು ಬಾಲವೆತ್ತಿ ಮಾಯವಾಯಿತು.

ಬ್ರಿಟಾ ಇಬ್ಬರನ್ನೂ ದುರುಗುಟ್ಟಿ ನೋಡಿದಳು. "ಮುಂದಿನ ವರ್ಷನೂ ಬೆಳಿಗ್ಗೆ ಅಮ್ಮ, ಮಧ್ಯಾಹ್ನ ಅಪ್ಪ. ಬೇಲಿ ಹತ್ರ ಇಬ್ಬರೂ ಬಾಯಿ ಬಿಡಬಾರ್ದು. ಬಿಟ್ರೆ ನಾನು ತಾತನ ಜೊತೆ ಹೋಗ್ತೀನಿ."

ಯಾವ ನ್ಯಾಯಾಧೀಶರಿಗೂ ತಲೆಬಾಗದ ಆ ಇಬ್ಬರು ವೀರರು ಒಟ್ಟಿಗೆ ತಲೆಯಾಡಿಸಿದರು. ಡಾರ್ಲಾ ಬೇಲಿಯ ಮೇಲಿನ ತಂತಿಯನ್ನು ಎತ್ತಿ ಹಿಡಿದಳು, ಆರ್ಲಿನ್ ಕೆಳಗಿನದನ್ನು ಬೂಟಿನಿಂದ ಮೆಟ್ಟಿದ. ಮಗಳು ನಡುವೆ ನುಸುಳಿ ಅಪ್ಪನ ಕಡೆ ಬಂದಳು.