ಗೋಲಿನ ಹಿಂದೆ ನಿಂತವಳು

ಆಕೆಯ ಎರಡೂ ಕೈಗಳ ಮೇಲೆ ಮಣಿಕಟ್ಟಿನಿಂದ ಮೊಣಕೈತನಕ ಸರಗಳು ನೇತಾಡುತ್ತಿದ್ದವು. ಕವಡೆಯವು, ಗಾಜಿನವು, ಹವಳ ಎಂದು ಹೇಳಿ ಮಾರುವ ಪ್ಲಾಸ್ಟಿಕ್ಕಿನವು. ಚಪ್ಪಾಳೆ ತಟ್ಟಿದರೆ ಅಂಗೈಗಿಂತ ಮೊದಲು ಸರಗಳೇ ಗಲಗಲ ಅನ್ನುತ್ತಿದ್ದವು. ವಾರವೆಲ್ಲ ಗೋವಾದ ಬೋಗ್ಮಾಳೊ ಬೀಚಿನಲ್ಲಿ ಅವನ್ನು ಮಾರುತ್ತಿದ್ದ ಆಕೆ, ಭರ್ಜರಿ ವ್ಯಾಪಾರ ಆಗುವ ಭಾನುವಾರ ಸಂಜೆಯೇ ಬೀಚು ಬಿಟ್ಟು ಸಡಾದ ನಮ್ಮ ಮೈದಾನಕ್ಕೆ ಬರುತ್ತಿದ್ದಳು. ನಮ್ಮ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡಕ್ಕೆ ಖಾಯಂ ಅಭಿಮಾನಿ ಅಂತ ಇದ್ದದ್ದು ಆಕೆಯೊಬ್ಬಳೇ. ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು.

ಈಗ ಆ ಮಾವಶಿಯ ಬಗ್ಗೆ ಕ್ಲಬ್ಬಿನ ದೊಡ್ಡವರು ಏನೇನೋ ಹೇಳುತ್ತಿದ್ದಾರೆ. ಕೇಳಿ ಕೇಳಿ ನನ್ನ ಪಿತ್ತ ನೆತ್ತಿಗೇರಿದೆ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಕೂತಿದ್ದೇನೆ.

ನಾನು ಆ ತಂಡದ ಗೋಲ್‌ಕೀಪರ್. ಅಪ್ಪ ಧಾರವಾಡದಿಂದ ಇಲ್ಲಿನ ಬಂದರಿನ ಆಫೀಸಿಗೆ ನೌಕರಿಗೆ ಬಂದವರು. ನಾನು ಹುಟ್ಟಿ ಬೆಳೆದದ್ದೆಲ್ಲ ಸಡಾದಲ್ಲೇ. ಮಾವಶಿ ನಮ್ಮ ಆಟದ ಗೀಳಿಗೆ ಬಿದ್ದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಒಂದು ಸಂಜೆ ಮೈದಾನದ ಪಕ್ಕ ಹಾದುಹೋಗುತ್ತಿದ್ದಾಗ ಆಕೆಗೆ ಕಂಡದ್ದು ಇಷ್ಟು: ಹುಡುಗಿಯರೆಲ್ಲ ಒಂದು ತುದಿಯಲ್ಲಿ ಗುಂಪಾಗಿ ಓಡಾಡಿ ಆಡುತ್ತಿದ್ದಾರೆ, ಈ ತುದಿಯಲ್ಲಿ ಒಬ್ಬಳು ಕೈಕಟ್ಟಿ ಸುಮ್ಮನೆ ನಿಂತಿದ್ದಾಳೆ. ಆಕೆ ಸೀದಾ ಬಲೆಯ ಹಿಂದೆ ಬಂದು ನಿಂತಳು.

“ಯಾಕವ್ವಾ, ನಿನ್ನ ಆಟಕ್ಕ ಸೇರಿಸ್ಕೊಂಡಿಲ್ಲೇನು?”

ಇಲ್ಲ ಮಾವಶಿ, ಗೋಲು ಕಾಯುವುದೇ ನನ್ನ ಆಟ ಎಂದು ತಿಳಿಸಿ ಹೇಳಿದೆ. ಆಕೆಗೆ ಅದು ಒಪ್ಪಿಗೆಯಾಗಲಿಲ್ಲ.

“ಕಾಯಾಕ ಒಬ್ಬಾಕಿನ್ನ ಬಿಡ್ತಾರೇನು? ನಮ್ಮ ಊರಾಗ ಹೊಲಾ ಕಾಯಾಕೂ ಇಬ್ಬರ್ನ ಕಳಸ್ತಾರ. ಇರು, ನಾ ನಿಂದರ್ತೀನಿ.”

ನಿಂತಳು. ಆವತ್ತಿನಿಂದ ಆಕೆಯ ಜಾಗ ನನ್ನ ಗೋಲಿನ ಹಿಂದೆ. ಅರ್ಧ ಆಟವಾಗಿ ತಂಡಗಳು ತುದಿ ಬದಲಿಸಿದಾಗ ಆಕೆಯೂ ಸರಗಳ ಗಂಟನ್ನು ಹೆಗಲಿಗೇರಿಸಿ ಮೈದಾನ ಸುತ್ತಿ ಆ ತುದಿಗೆ ಬರುತ್ತಿದ್ದಳು. ಆಟದ ನಿಯಮಗಳೆಲ್ಲ ಆಮೇಲೆ ಗೊತ್ತಾದರೂ ಜಾಗ ಬಿಡಲಿಲ್ಲ. ಚೆಂಡು ದೂರದಲ್ಲಿದ್ದಾಗ ನಳದಲ್ಲಿ ನೀರು ಬಾರದ ಸುದ್ದಿ, ಹತ್ತು ಸರ ಮುಟ್ಟಿ ನೋಡಿ ಒಂದನ್ನೂ ಕೊಳ್ಳದ ಟೂರಿಸ್ಟರ ಸುದ್ದಿ. ಚೆಂಡು ಹತ್ತಿರ ಬಂತೋ, ಶುರು ಬೈಗುಳ. ಎದುರಾಳಿಗಳಿಗಲ್ಲ, ನಮ್ಮ ಹುಡುಗಿಯರಿಗೆ. ಅವರಲ್ಲಿ ಹೆಚ್ಚಿನವರು ಕೊಂಕಣಿಯವರು, ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೂ ಹೆದರಿ ಹಿಂದಕ್ಕೆ ಓಡಿ ಬರುತ್ತಿದ್ದರು.

ಫೋಂಡಾದಲ್ಲಿ ಒಂದು ಸೆಮಿಫೈನಲ್ ಆಡಿದೆವು. ಮಾವಶಿ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೂ ಬಂದಿದ್ದಳು. ಕೊನೆ ಗಳಿಗೆಯಲ್ಲಿ, ಚಿಕ್ಕ ಮಕ್ಕಳೂ ಹಿಡಿಯಬಹುದಾದ ಚೆಂಡು ನನ್ನ ಕಾಲ ಸಂದಿಯಿಂದ ನುಸುಳಿ ಒಳಹೋಯಿತು. ಸೋತೆವು. ಕೋಚ್ ಸರ್ ಎಲ್ಲರೆದುರು ನನ್ನ ನೀರಿಳಿಸಿದರು. ನಾನು ಕೈಗವಸು ಬಿಚ್ಚಿಟ್ಟೆ, ಇನ್ನು ಈ ಸಹವಾಸವೇ ಸಾಕು ಎಂದುಕೊಂಡು. ಆಗ ಮಾವಶಿ ನಮ್ಮಿಬ್ಬರ ನಡುವೆ ನುಗ್ಗಿದಳು.

“ಸರ್ ರೀ, ಆ ಚೆಂಡ ಹತ್ತ ಮಂದಿನ್ನ ದಾಟಿ ಈಕಿ ಕಡೆ ಬಂದೈತಿ. ಮೊದಲ ಆ ಹತ್ತ ಮಂದಿನ್ನ ಕೇಳ್ರಿ. ಆಮ್ಯಾಲ ಈಕಿನ್ನ ಕೇಳೂಣಂತ.”

ಸರ್‌ಗೆ ಕನ್ನಡ ಬಾರದು. ಏನಂದಳು ಎಂದು ನನ್ನನ್ನೇ ಕೇಳಿದರು. ತಪ್ಪು ಮಾಡಿದವಳೇ ಮೂಗು ಒರೆಸಿಕೊಳ್ಳುತ್ತ ತನ್ನ ಪರವಾದ ವಕೀಲಿಯನ್ನು ಕೊಂಕಣಿಗೆ ತಿರುಗಿಸಿ ಹೇಳಬೇಕಾಯಿತು. ಹುಡುಗಿಯರು ಮುಸಿಮುಸಿ ನಕ್ಕರು, ಸರ್ ಕೂಡ ನಕ್ಕರು. ನಾನು ಕೈಗವಸು ಎತ್ತಿಕೊಂಡು ಚೀಲಕ್ಕೆ ಹಾಕಿದೆ. ಆವತ್ತು ಆಕೆ ಇಲ್ಲದಿದ್ದರೆ ನಾನು ಮತ್ತೆ ಮೈದಾನಕ್ಕೆ ಇಳಿಯುತ್ತಿರಲಿಲ್ಲ.

ಇಂಥವಳನ್ನು ಮೈದಾನದಿಂದ ಹೊರಗೆ ಹಾಕಿದರು. ಕ್ಲಬ್ಬಿಗೆ ಹೊಸ ಕಮಿಟಿ ಬಂದು ಮೈದಾನದ ಸುತ್ತ ತಂತಿಬೇಲಿ ಹಾಕಿಸಿತು, ಗೇಟಿಗೆ ಕಾವಲುಗಾರನನ್ನು ಇಟ್ಟಿತು, ಒಳಗೆ ಬರಲು ಪಾಸು ಬೇಕೆಂದಿತು. ಕಮಿಟಿಯವರ ಭಾವಮೈದುನರಿಗೆ, ಅವರ ಗೆಳೆಯರಿಗೆ, ಒಂದು ದಿನವೂ ಆಟ ನೋಡದವರಿಗೆಲ್ಲ ಪಾಸು ಸಿಕ್ಕಿತು. ಮಾವಶಿಗೆ ಒಂದು ಕೊಡಿ ಎಂದು ಕಾರ್ಯದರ್ಶಿಯ ಬೆನ್ನು ಬಿದ್ದೆ. ಘಾಟಿಗಳನ್ನೆಲ್ಲ ಒಳಗೆ ಬಿಟ್ಟರೆ ಮೈದಾನ ಸಂತೆಯಾಗುತ್ತದೆ ಎಂದುಬಿಟ್ಟರು. ಘಟ್ಟದ ಮೇಲಿನಿಂದ ಹೊಟ್ಟೆಪಾಡಿಗೆ ಬಂದ ನಮ್ಮಂಥವರನ್ನು ಹಂಗಿಸಲು ಇಲ್ಲಿ ಬಳಸುವ ಮಾತು ಅದು. ನಾನೂ ಘಾಟಿಯೇ. ಆದರೆ ಕೊಂಕಣಿ ಮಾತಾಡುತ್ತೇನೆ, ಆಫೀಸಿಗೆ ಹೋಗುತ್ತೇನೆ, ಅವರಿಗಾಗಿ ಗೋಲು ತಡೆಯುತ್ತೇನೆ. ಹಾಗಾಗಿ ನನಗೆ ಮಾಫಿ ಇತ್ತು.

ಮಾವಶಿ ಜಗಳ ಕಾಯಲಿಲ್ಲ. ರಸ್ತೆಯಲ್ಲಿ ನಿಂತು, ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನೋಡಿದಳು. ಆಚೆ ತುದಿಯ ಗೋಲು ಅಲ್ಲಿಂದ ಕಾಣುವುದಿಲ್ಲ. ನಾನು ಆ ಕಡೆ ಹೋದಾಗ ಆಕೆ ಅರ್ಧ ಆಟದುದ್ದಕ್ಕೂ ಚರಂಡಿ ಕಟ್ಟೆಯ ಮೇಲೆ ಕೂತಿರುತ್ತಿದ್ದಳಂತೆ. ಏನಾಯಿತು ಎಂದು ದಾರಿಹೋಕರನ್ನು ಕೇಳುತ್ತಿದ್ದಳಂತೆ.

ಈ ಮಳೆಗಾಲದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ ಮಾವಶಿ ಮನೆಗೆ ಮರಳಲಿಲ್ಲ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ, ಆಕೆಯನ್ನು ವಿಜಯಪುರದ ಕಡೆಯ ಊರಿಗೆ ಒಯ್ಯುತ್ತಿದ್ದ ಗಾಡಿ ಗಡಿಯ ಹತ್ತಿರದ ಮೊಲೆಂ ದಾಟಿ ಹೋಗಿತ್ತು. ಕೊನೆಯ ಸಲ ಮುಖ ನೋಡುವುದೂ ಆಗಲಿಲ್ಲ. ನಮ್ಮ ತಂಡದಲ್ಲಿ ಅಳದೆ ಉಳಿದವರಿಲ್ಲ. ಆಕೆಯಿಂದ ಅತಿ ಹೆಚ್ಚು ಬೈಸಿಕೊಂಡಿದ್ದ ನಮ್ಮ ಡಿಫೆಂಡರ್, ಇನ್ನು ನನ್ನನ್ನು ಹಿಂದಕ್ಕೆ ಕರೆಯುವವರು ಯಾರು ಎಂದು ಬಿಕ್ಕಿದಳು.

ಕಮಿಟಿಗೂ ದುಃಖವಾಯಿತಂತೆ. ಮುಂದಿನ ಪಂದ್ಯಕ್ಕೆ ಮೊದಲು ಶ್ರದ್ಧಾಂಜಲಿ ಇಟ್ಟರು. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ದೊಡ್ಡದು, ಮಾವಶಿಯದು ಮೂಲೆಯಲ್ಲಿ. ಆಕೆ ದನಿ ಎತ್ತಿ ಮಾತಾಡಿದವಳಲ್ಲ ಎಂದರು ಅಧ್ಯಕ್ಷರು. ಆಕೆ ನಮ್ಮ ಕ್ಲಬ್ಬಿನ ತಾಯಿ, ಆಕೆಗೆ ಈ ಬಾಗಿಲು ಸದಾ ತೆರೆದಿತ್ತು ಎಂದರು. ಆಕೆಯ ಮಗಳು ಬರುತ್ತಾಳೆ, ಶಾಲು ಹೊದಿಸುತ್ತೇವೆ ಎಂದೂ ಹೇಳಿ, ಒಂದು ನಿಮಿಷದ ಮೌನಕ್ಕೆ ಸನ್ನೆ ಮಾಡಿದರು.

ತಲೆ ತಗ್ಗಿಸಲು ಮನಸ್ಸಾಗದೆ ಗೇಟಿನ ಕಡೆ ನೋಡಿದೆ. ಬೀಚಿನಲ್ಲಿ ಮಾವಶಿಯ ಜೊತೆ ಸರ ಮಾರುತ್ತಿದ್ದ ಆ ಮಗಳು ಗೇಟಿನಾಚೆ ನಿಂತಿದ್ದಳು. ಕಾವಲುಗಾರ ಕೈ ಅಡ್ಡ ಹಿಡಿದಿದ್ದ. ಅವನದೇನು ತಪ್ಪು, ಪಾಸಿಲ್ಲದವರನ್ನು ಬಿಡಬೇಡ ಎಂದೇ ಅವನಿಗೆ ಹೇಳಿಟ್ಟಿದ್ದು. ಕರೆದವರಿಗೆ ಆಕೆಗೊಂದು ಪಾಸು ಕಳಿಸಬೇಕೆಂದು ಹೊಳೆದಿರಲೇ ಇಲ್ಲ.

ನಾನು ಸಾಲು ಬಿಟ್ಟು ನಡೆದೆ. ಡಿಫೆಂಡರ್ ಬಂದಳು, ಆಮೇಲೆ ಎಲ್ಲರೂ ಬಂದರು. ನಮ್ಮನ್ನು ಕಂಡು ಆ ಮಗಳು ಮುಜುಗರಪಟ್ಟಳು.

“ಇರ್ಲಿ ಬಿಡ್ರಿ ಅಕ್ಕಾ. ಅವ್ವನೂ ಇಲ್ಲೇ ನಿಂದರ್ತಿದ್ಲಲ್ಲ.”

ನಾನು ತಿರುಗಿ, ಮೈದಾನಕ್ಕೆಲ್ಲ ಕೇಳುವ ಹಾಗೆ ಅಧ್ಯಕ್ಷರನ್ನು ಕೇಳಿದೆ, ಸದಾ ತೆರೆದಿದ್ದ ಬಾಗಿಲು ಯಾವುದು, ತೋರಿಸಿ ಎಂದು. ಮೌನದ ನಿಮಿಷ ಇನ್ನೂ ಮುಗಿದಿರಲಿಲ್ಲ. ಅವರು ಗಡಿಯಾರ ನೋಡಿಕೊಂಡರು.

ಮರುದಿನ ಕಾರ್ಯದರ್ಶಿ ಫೋನು ಮಾಡಿದರು. ಮೌನ ಮುರಿದು ಸತ್ತವರಿಗೆ ಅಗೌರವ ತೋರಿಸಿದ್ದೇನಂತೆ. ಕಮಿಟಿಯ ಮುಂದೆ ಕ್ಷಮೆ ಕೇಳಬೇಕಂತೆ, ಅಲ್ಲಿಯತನಕ ತಂಡದಲ್ಲಿ ಜಾಗವಿಲ್ಲವಂತೆ. ಕೇಳುತ್ತೇನೆ ಎಂದೆ. ಬೋಗ್ಮಾಳೊ ಬೀಚಿನಲ್ಲಿ ಆ ಮಗಳು ಸರ ಮಾರುತ್ತಾಳೆ, ಅವಳ ಮುಂದೆ ಕೇಳುತ್ತೇನೆ, ನೀವೂ ಅಧ್ಯಕ್ಷರೂ ಬಂದು ನನ್ನ ಪಕ್ಕ ನಿಂತು ಕ್ಷಮೆ ಕೇಳಬೇಕು ಎಂದೆ. ಫೋನು ಇಟ್ಟುಬಿಟ್ಟರು.

ಆಡದೆ ಕೂತರೆ ಕೈಕಾಲು ಕಟ್ಟಿಹಾಕಿದಂತಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೂ ಆ ಕ್ಷಮೆ ನನ್ನ ಬಾಯಿಂದ ಬರುವುದಿಲ್ಲ. ಮಾವಶಿಗಾಗಿ ಏನು ಮಾಡು ಎಂದರೂ ಮಾಡುತ್ತೇನೆ, ಸುಮ್ಮನೆ ನಿಲ್ಲು ಎಂದರೆ ಮಾತ್ರ ನನ್ನಿಂದಾಗದು.